ವಿಎ ಆದೇಶ ಕೈಯಲ್ಲಿದೆ, ಕೆಎಎಸ್ ಓದು ಅರ್ಧದಲ್ಲಿದೆ. ಸೇರಲಾ, ಬಿಡಲಾ?

ಸೇರಿಕೊಳ್ಳಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಪ್ರಶ್ನೆಗೆ ‘ನಿಮ್ಮ ಮನಸ್ಸು ಏನು ಹೇಳುತ್ತದೋ ಹಾಗೆ ಮಾಡಿ’ ಅನ್ನುವ ಉತ್ತರವೇ ಜಾಸ್ತಿ ಬರುತ್ತದೆ. ಮನಸ್ಸು ಒಂದೇ ಮಾತು ಹೇಳುತ್ತಿದ್ದರೆ ನೀವು ಇಲ್ಲಿಗೆ ಬಂದು ಕೇಳುತ್ತಲೇ ಇರಲಿಲ್ಲ, ಅಲ್ವಾ?

ನೀವು ಬರೆದದ್ದು ಇಷ್ಟು. ವಯಸ್ಸು 28. ಹಾವೇರಿ ಕಡೆಯ ಹಳ್ಳಿ. ಬಿಇ ಮುಗಿಸಿ ಧಾರವಾಡದಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೀರಿ. ಕೆಎಎಸ್, ಅಂದರೆ ಕರ್ನಾಟಕ ಆಡಳಿತ ಸೇವೆಯ ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ) ಪಾಸಾಯಿತು, ಮೇನ್ಸ್ (ಮುಖ್ಯ ಪರೀಕ್ಷೆ) ಕೈ ಹಿಡಿಯಲಿಲ್ಲ. ಈ ನಡುವೆ ಗ್ರಾಮ ಆಡಳಿತ ಅಧಿಕಾರಿ, ಅಂದರೆ ಎಲ್ಲರೂ ವಿಎ ಅನ್ನುವ ಹುದ್ದೆಗೆ ಆಯ್ಕೆಯಾಗಿ ಆದೇಶ ಬಂದಿದೆ. ‘ವಿಎ ಕೆಲಸಕ್ಕೆ ಸೇರಿದರೆ ಕೆಎಎಸ್ ಮುಗಿದಂತೆ’ ಅಂತ ರೂಮಿನ ಗೆಳತಿಯರು ಹೇಳುತ್ತಾರೆ. ‘ಬಂದ ಸರ್ಕಾರಿ ನೌಕರಿ ಬಿಡಬ್ಯಾಡ’ ಅಂತ ಅಪ್ಪ. ಪಿಯುಸಿ ಓದಿದವರಿಗೂ ಸಿಗುವ ಹುದ್ದೆಗೆ ಬಿಇ ಓದಿ ಹೋಗಬೇಕಾ ಅನ್ನುವ ಸಂಕಟ ನಿಮ್ಮದು.

ನಾನು ಕಂದಾಯ ಇಲಾಖೆಯಲ್ಲೇ ಇದ್ದೇನೆ. ಹಿಂದಿನ ಒಂದು ನೇಮಕಾತಿಯಲ್ಲಿ ವಿಎ ಆಗಿ ಸೇರಿದವಳು. ನಾನೂ ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಓದಿದವಳೇ. ಸೇರಿದ ಮೇಲೂ ಕೆಎಎಸ್ ಬರೆದೆ, ಆಗಲಿಲ್ಲ. ಹಾಗಾಗಿ ನಾನು ಹೇಳುವುದು ಗೆದ್ದವರ ಸಲಹೆ ಅಲ್ಲ, ಆ ದಾರಿಯಲ್ಲಿ ನಡೆದವಳ ಲೆಕ್ಕಾಚಾರ.

ನೀವು ಇದನ್ನು ‘ನೌಕರಿಯೋ ಕೆಎಎಸ್ಸೋ’ ಅಂತ ನೋಡುತ್ತಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ಕೆಎಎಸ್ ಆಗಲು ಎಷ್ಟು ಕಾಲ ಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇಲ್ಲ, ನಿಮ್ಮ ಓದಿನ ಕೈಯಲ್ಲೂ ಇಲ್ಲ. ಐಎಎಸ್‌ಗೆ ಬರೆಯುವ ಯುಪಿಎಸ್‌ಸಿ ಪರೀಕ್ಷೆ ಆದರೆ ಪ್ರತಿ ವರ್ಷ ಅಧಿಸೂಚನೆ ಬರುತ್ತದೆ. ಹಿಂದುಳಿದ ವರ್ಗದವರಿಗೆ 35 ವರ್ಷದವರೆಗೆ 9 ಅವಕಾಶ, ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ 6. ಕೂತು ಲೆಕ್ಕ ಹಾಕಬಹುದು. ನಮ್ಮ ಕೆಎಎಸ್‌ನಲ್ಲಿ ಅದು ಆಗುವುದಿಲ್ಲ. 106 ಹುದ್ದೆಗಳ ಅಧಿಸೂಚನೆ ಬಂದದ್ದು 2020ರ ಆರಂಭದಲ್ಲಿ. ಅದಾದ ಮೇಲೆ 384 ಹುದ್ದೆಗಳ ಅಧಿಸೂಚನೆ ಬಂದದ್ದು 2024ರ ಫೆಬ್ರವರಿಯಲ್ಲಿ. ನಡುವೆ ನಾಲ್ಕು ವರ್ಷ ಏನೂ ಇಲ್ಲ. ಆ ನಾಲ್ಕು ವರ್ಷ ‘ಈಗ ಬರುತ್ತೆ, ಮುಂದಿನ ತಿಂಗಳು ಬರುತ್ತೆ’ ಅಂತ ರೂಮ್ ಬಾಡಿಗೆ ಕಟ್ಟಿ ಕೂತವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಚೆನ್ನಾಗಿ ಓದಿದವರು, ನನಗಿಂತ ಬುದ್ಧಿವಂತರು. ಅವರ ತಪ್ಪು ಏನೂ ಇರಲಿಲ್ಲ.

ಬಂದ ಅಧಿಸೂಚನೆಯಾದರೂ ಸುಸೂತ್ರವಾಗಿ ನಡೆಯಿತಾ? ನಿಮಗೇ ಗೊತ್ತು, ನೀವೇ ಬರೆದದ್ದು. 2024ರ ಆಗಸ್ಟ್ 27ಕ್ಕೆ ಪ್ರಿಲಿಮ್ಸ್ ಆಯಿತು, ಕನ್ನಡ ಅನುವಾದದ ತಪ್ಪುಗಳಿಂದ ಮರುಪರೀಕ್ಷೆ ಮಾಡಬೇಕಾಯಿತು, ಅದು ಡಿಸೆಂಬರ್ 29ಕ್ಕೆ ನಡೆಯಿತು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು ಕನ್ನಡದ ಪ್ರಶ್ನೆ ಅರ್ಥವಾಗದೆ ಇಂಗ್ಲಿಷ್ ಪ್ರಶ್ನೆ ಓದಿ ಉತ್ತರ ಗುರುತಿಸಬೇಕಾದ ಸ್ಥಿತಿ ಬಂತಲ್ಲ, ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಪಿಎಸ್‌ಐ (ಪೊಲೀಸ್ ಸಬ್‌ಇನ್‌ಸ್ಪೆಕ್ಟರ್) ಪರೀಕ್ಷೆಯ ಕಥೆಯೂ ಅಷ್ಟೇ: 545 ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, ಅಕ್ರಮ ಹೊರಬಂದು 2022ರಲ್ಲಿ ರದ್ದು, ಮರುಪರೀಕ್ಷೆ 2024ರ ಜನವರಿಯಲ್ಲಿ. ಇನ್ನೂ ಹಿಂದೆ ಹೋದರೆ ಕೆಎಎಸ್‌ನ 2011ರ ಬ್ಯಾಚಿನ 362 ಜನ. ಅವರ ಆಯ್ಕೆಪಟ್ಟಿಯನ್ನು ಸರ್ಕಾರ 2014ರಲ್ಲಿ ಹಿಂದಕ್ಕೆ ಪಡೆಯಿತು, ಕೋರ್ಟು ಕಚೇರಿ ಎಲ್ಲ ಆಗಿ ಕೊನೆಗೆ 2022ರಲ್ಲಿ ಕಾಯ್ದೆ ತಂದು ಅವರಿಗೆ ಹುದ್ದೆ ಕೊಡಬೇಕಾಯಿತು. ಪಾಸಾದವರೂ ಅಷ್ಟು ವರ್ಷ ಕಾಯಬೇಕಾಯಿತು ಅನ್ನುವುದನ್ನು ಸ್ವಲ್ಪ ಯೋಚಿಸಿ.

ನಿಮ್ಮನ್ನು ಹೆದರಿಸಲು ಇದನ್ನೆಲ್ಲ ಬರೆಯುತ್ತಿಲ್ಲ. ನಿಮ್ಮ ಮುಂದಿರುವ ಎರಡು ದಾರಿಗಳಲ್ಲಿ ಯಾವ ದಾರಿಯಲ್ಲಿ ನೀವು ಕಾಯಬಲ್ಲಿರಿ ಅಂತ ನೋಡಿ, ಅಷ್ಟೇ. ಕೆಎಎಸ್‌ಗೆ ನಿಮ್ಮ ವರ್ಗದಲ್ಲಿ, ನೀವು 2ಎ (ಹಿಂದುಳಿದ ವರ್ಗ) ಅಂದಿದ್ದೀರಿ, 38ರವರೆಗೆ ವಯಸ್ಸಿದೆ. ಅಂದರೆ ವಯಸ್ಸು ಸಮಸ್ಯೆಯೇ ಅಲ್ಲ. ಕೈಯಲ್ಲಿ ದುಡ್ಡಿಲ್ಲದೆ, ಪ್ರತಿ ಹಬ್ಬಕ್ಕೆ ಊರಿಗೆ ಹೋದಾಗ ‘ಏನಾಯ್ತವ್ವಾ ನಿನ್ನ ಪರೀಕ್ಷೆ’ ಅನ್ನುವ ಮಾತು ಕೇಳಿಕೊಂಡು, ಇನ್ನೂ ನಾಲ್ಕೈದು ವರ್ಷ ಕಾಯಲು ಆಗುತ್ತಾ? ಕೆಲವರಿಗೆ ಆಗುತ್ತದೆ. ಮನೆಯಲ್ಲಿ ಅನುಕೂಲ ಇದ್ದು, ಯಾರೂ ಕೇಳುವವರಿಲ್ಲದಿದ್ದರೆ ಆಗುತ್ತದೆ. ನೀವು ಬರೆದಿರುವುದನ್ನು ನೋಡಿದರೆ ಕಳೆದ ವರ್ಷ ಮೆಕ್ಕೆಜೋಳಕ್ಕೆ ಬೆಲೆ ಸಿಗಲಿಲ್ಲ, ತಮ್ಮನ ಫೀಸು ಬಾಕಿ ಇದೆ, ಆದರೂ ಅಪ್ಪ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದಾರೆ. ಆ ಮಾತನ್ನು ನೀವು ಪ್ರಶ್ನೆಯ ಕೊನೆಗೆ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ನನಗೆ ಅನ್ನಿಸಿದ್ದು, ನಿಮ್ಮ ನಿದ್ದೆ ಕೆಡಿಸುತ್ತಿರುವುದು ಮುಖ್ಯವಾಗಿ ಅದೇ.

ಈಗ ಗೆಳತಿಯರ ಮಾತಿಗೆ ಬರೋಣ. ‘ಸೇರಿದರೆ ಓದು ನಿಲ್ಲುತ್ತದೆ.’ ಇದರಲ್ಲಿ ನಿಜ ಇದೆ, ಮುಚ್ಚಿಡುವುದಿಲ್ಲ. ವಿಎ ಕೆಲಸ ಹತ್ತರಿಂದ ಐದೂವರೆಯ ಕೆಲಸ ಅಲ್ಲ. ಒಂದು ವೃತ್ತ ಅಂದರೆ ಹಲವು ಹಳ್ಳಿ. ಜಾತಿ, ಆದಾಯದ ಅರ್ಜಿಗಳಿಗೆ ವರದಿ, ವೃದ್ಧಾಪ್ಯ ವೇತನ, ವಿಧವಾ ವೇತನದ ಪರಿಶೀಲನೆ, ಬೆಳೆ ಸಮೀಕ್ಷೆ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಪಹಣಿಗೆ ಆಧಾರ್ ಜೋಡಣೆ, ಮಳೆ ಬಂದು ಮನೆ ಬಿದ್ದರೆ ಅದರ ಪಂಚನಾಮೆ, ಚುನಾವಣೆ ಬಂದರೆ ಅದು ಬೇರೆ. ಎಲ್ಲದಕ್ಕೂ ಒಂದೊಂದು ಆ್ಯಪ್. ಈ ಆ್ಯಪ್‌ಗಳ ಹೊರೆ, ಸೌಲಭ್ಯಗಳ ಕೊರತೆ ಇವನ್ನೇ ಮುಂದಿಟ್ಟು 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ವಿಎಗಳು ಮುಷ್ಕರ ಮಾಡಿದ್ದು ನೀವು ಪೇಪರಿನಲ್ಲಿ ಓದಿರುತ್ತೀರಿ. ಮೊದಲ ಒಂದು ವರ್ಷ ಓದು ನಿಜವಾಗಿಯೂ ಕಷ್ಟ. ರಾತ್ರಿ ಪುಸ್ತಕ ತೆಗೆದರೆ ವಾಟ್ಸಾಪ್ ಗ್ರೂಪಿನಲ್ಲಿ ‘ನಾಳೆ ಬೆಳಿಗ್ಗೆಯೊಳಗೆ ವರದಿ’ ಅಂತ ಮೆಸೇಜು ಇರುತ್ತದೆ.

ಆದರೆ ಆಮೇಲೆ ಒಂದು ಲಯ ಸಿಗುತ್ತದೆ. ವೃತ್ತ ಪರಿಚಯವಾಗುತ್ತದೆ, ಗ್ರಾಮ ಸಹಾಯಕರು ಜೊತೆಗಿರುತ್ತಾರೆ, ಯಾವ ಅರ್ಜಿ ನಿಜ ಯಾವುದು ಅಲ್ಲ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ನಾನು ಬೆಳಿಗ್ಗೆ ಬೇಗ ಎದ್ದು ಓದುತ್ತಿದ್ದೆ. ರೂಮಿನಲ್ಲಿದ್ದು ದಿನಕ್ಕೆ ಹತ್ತು ತಾಸು ಓದುವ ಕಾಲದಲ್ಲಿ ಅದರಲ್ಲಿ ಎಷ್ಟು ತಾಸು ನಿಜವಾಗಿ ಓದುತ್ತೇವೆ, ಎಷ್ಟು ತಾಸು ಚಹಾ ಅಂಗಡಿಯ ಮುಂದೆ ಕಟ್‌ಆಫ್ ಚರ್ಚೆ ಮಾಡುತ್ತೇವೆ ಅನ್ನುವುದು ಅಲ್ಲಿ ಓದಿದವರಿಗೆಲ್ಲ ಗೊತ್ತು. ನೌಕರಿಯಲ್ಲಿದ್ದವರಿಗೆ ಸಿಗುವುದು ಕಡಿಮೆ ಸಮಯ, ಆದರೆ ಅದು ಅವಸರದ, ಗಟ್ಟಿ ಸಮಯ.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಈಗ ಕೆಎಎಸ್ ಮೇನ್ಸ್‌ನಲ್ಲಿ ಐಚ್ಛಿಕ ವಿಷಯ ಇಲ್ಲ. ಒಂದು ಪ್ರಬಂಧ, ನಾಲ್ಕು ಸಾಮಾನ್ಯ ಅಧ್ಯಯನ ಪತ್ರಿಕೆ, ಒಟ್ಟು 1250 ಅಂಕ. ಕನ್ನಡ, ಇಂಗ್ಲಿಷ್ ಬರೀ ಪಾಸಾದರೆ ಸಾಕು. ಅಂದರೆ ಕರ್ನಾಟಕದ ಆಡಳಿತ, ಭೂಮಿ, ಕೃಷಿ, ಗ್ರಾಮೀಣ ಸಮಾಜ ಇವುಗಳ ಮೇಲೆ ಯಾರು ಚೆನ್ನಾಗಿ ಬರೆಯುತ್ತಾರೋ ಅವರಿಗೆ ಅಂಕ. ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ಏನು ತಿದ್ದುಪಡಿಯಾಯಿತು, 2020ರಲ್ಲಿ ಕೃಷಿ ಜಮೀನು ಯಾರು ಕೊಳ್ಳಬಹುದು ಅನ್ನುವ ನಿರ್ಬಂಧದ 79ಎ, 79ಬಿ ಕಲಂ ತೆಗೆದದ್ದರಿಂದ ಏನಾಯಿತು ಅಂತ ನೀವು ನೋಟ್ಸಿನಲ್ಲಿ ಓದಿದ್ದೀರಿ. ವಿಎ ಆದರೆ ಅದೇ ಕಾಯ್ದೆಯಿಂದ ಗೇಣಿ ಜಮೀನು ಪಡೆದ ಅಜ್ಜನ ಮೊಮ್ಮಕ್ಕಳು ನಿಮ್ಮ ಮುಂದೆ ಪೌತಿ ಖಾತೆಗೆ ಬಂದು ನಿಲ್ಲುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ನೋಟ್ಸಿನಲ್ಲಿ ಅರ್ಧ ಪುಟ. ಕಚೇರಿಯಲ್ಲಿ ಅದು ಒಂದು ಕುಟುಂಬದ ಇಡೀ ಬದುಕು, ಫೈಲಿನ ಹಾಳೆ ಹಾಳೆಗೂ ಹೆಬ್ಬೆಟ್ಟಿನ ಗುರುತು ಇರುತ್ತದೆ. ಆ ಕೆಲಸ ಮಾಡಿದವರ ಉತ್ತರ ಪತ್ರಿಕೆಗೂ ಗೈಡ್ ಓದಿ ಬರೆದವರ ಉತ್ತರಕ್ಕೂ ವ್ಯತ್ಯಾಸ ಇರುತ್ತದೆ. ನನ್ನ ಅಂಕಗಳಲ್ಲೇ ಅದು ಕಂಡಿತು. ನೌಕರಿಗೆ ಸೇರುವ ಮೊದಲು ಬರೆದದ್ದಕ್ಕಿಂತ ಸೇರಿದ ಮೇಲೆ ಬರೆದ ಮೇನ್ಸ್‌ನಲ್ಲಿ ಸಾಮಾನ್ಯ ಅಧ್ಯಯನದ ಅಂಕ ಹೆಚ್ಚು ಬಂತು. ಆಯ್ಕೆಗೆ ಸಾಲಲಿಲ್ಲ, ಅದು ಬೇರೆ ಮಾತು.

‘ಪಿಯುಸಿ ಹುದ್ದೆ’ ಅನ್ನುವ ಸಂಕಟದ ಬಗ್ಗೆ. ದಯವಿಟ್ಟು ಇದನ್ನು ಮನಸ್ಸಿನಿಂದ ತೆಗೆಯಿರಿ. 2024ರಲ್ಲಿ ಕರೆದ 1000 ವಿಎ ಹುದ್ದೆಗಳಿಗೆ ಪದವೀಧರರು, ಬಿಇ, ಎಂಎಸ್‌ಸಿ ಮಾಡಿದವರು ಎಷ್ಟೋ ಜನ ಅರ್ಜಿ ಹಾಕಿದ್ದರು. ವಿಎಗೆ ನಮ್ಮ ಕಡೆ ತಲಾಠಿ ಅಂತಾರಲ್ಲ, ಹಳ್ಳಿಯಲ್ಲಿ ಮುದುಕಿಗೆ ಪಿಂಚಣಿ ಬರುತ್ತೋ ಇಲ್ಲವೋ, ಬೆಳೆ ಹಾಳಾದ ರೈತನ ಹೆಸರು ಪಟ್ಟಿಯಲ್ಲಿ ಇರುತ್ತೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ಆ ತಲಾಠಿ ಬರೆಯುವ ವರದಿಯ ಮೇಲೆ ನಿಂತಿದೆ. ನಿಮ್ಮ ಅಪ್ಪನಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಅವರಿಗೆ ಈ ಹುದ್ದೆ ಸಣ್ಣದು ಅನ್ನಿಸುತ್ತಿಲ್ಲ.

ಹಾಗಾದರೆ ಯಾರಿಗೂ ‘ಸೇರಬೇಡಿ’ ಅನ್ನುವುದಿಲ್ಲವಾ? ಅನ್ನುತ್ತೇನೆ. ನೀವು ಮೇನ್ಸ್ ಪಾಸಾಗಿ ಸಂದರ್ಶನಕ್ಕೆ ಕಾಯುತ್ತಿದ್ದರೆ, ಅಥವಾ ಎರಡು ಮೂರು ತಿಂಗಳಲ್ಲಿ ಮೇನ್ಸ್ ಇದ್ದರೆ, ಸೇರಲು ಸಮಯ ಕೇಳಿ ಅರ್ಜಿ ಕೊಡಿ ಅನ್ನುತ್ತಿದ್ದೆ. ಯುಪಿಎಸ್‌ಸಿಯನ್ನೇ ಗುರಿ ಮಾಡಿಕೊಂಡು ಈಗಾಗಲೇ ಅದರ ಮೇನ್ಸ್‌ವರೆಗೆ ಹೋಗಿದ್ದರೆ ಬೇರೆ ರೀತಿ ಯೋಚಿಸುತ್ತಿದ್ದೆ. ನನ್ನ ರೂಮಿನಲ್ಲೇ ಒಬ್ಬಳು ಬಂದ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಆದೇಶ ಬಿಟ್ಟು ಓದಿದಳು, ಮುಂದೆ ಅದಕ್ಕಿಂತ ದೊಡ್ಡ ಹುದ್ದೆಗೆ ಹೋದಳು. ಅವಳ ನಿರ್ಧಾರ ಸರಿ ಇತ್ತು. ಅವಳ ಅಣ್ಣ ಮನೆ ನೋಡಿಕೊಳ್ಳುತ್ತಿದ್ದ. ಮದುವೆಯ ಮಾತು ಎತ್ತದಂತೆ ಅವಳ ಅವ್ವ ಎಲ್ಲರನ್ನೂ ತಡೆದು ನಿಂತಿದ್ದಳು. ಅವಳ ಧೈರ್ಯವನ್ನು ಮಾತ್ರ ನೋಡಿ ನೀವು ಹಾಗೆ ಮಾಡಬೇಡಿ, ಅವಳ ಹಿಂದೆ ನಿಂತವರನ್ನೂ ನೋಡಿ.

ಮದುವೆ ಅಂದೆ. ನೀವು ಅದನ್ನು ಬರೆದಿಲ್ಲ, ಆದರೆ 28ರ ಹುಡುಗಿಗೆ ಹಳ್ಳಿ ಮನೆಯಲ್ಲಿ ಆ ಮಾತು ಇಲ್ಲದೆ ಇರುವುದಿಲ್ಲ. ಕೈಯಲ್ಲಿ ನೌಕರಿ ಇದ್ದರೆ ‘ನನಗೆ ಇನ್ನೆರಡು ವರ್ಷ ಬೇಕು’ ಅಂತ ಹೇಳುವ ದನಿಯೇ ಬೇರೆ ಇರುತ್ತದೆ. ಕೇಳುವವರೂ ಕೇಳುತ್ತಾರೆ. ನನ್ನ ಮಟ್ಟಿಗೆ ಇದು ಸಂಬಳಕ್ಕಿಂತ ದೊಡ್ಡ ಲಾಭವಾಗಿತ್ತು. ಯಾವ ಊರಿನಲ್ಲಿ ಇರಬೇಕು, ಯಾರನ್ನು ಮದುವೆಯಾಗಬೇಕು, ಆಮೇಲೆ ಓದಬೇಕಾ ಬೇಡವಾ ಅನ್ನುವುದನ್ನು ನಾನು ಕೂತು ಮಾತಾಡಿ ತೀರ್ಮಾನಿಸಿದೆ.

ಎಷ್ಟು ವರ್ಷ ಪ್ರಯತ್ನ ಮಾಡಬೇಕು ಅಂತ ಕೇಳಿದ್ದೀರಿ. ವರ್ಷದ ಲೆಕ್ಕ ಬೇಡ, ಯಾಕೆ ಅಂತ ಮೇಲೆ ಹೇಳಿದೆ, ಆ ವರ್ಷಗಳಲ್ಲಿ ಪರೀಕ್ಷೆಯೇ ನಡೆಯದೆ ಇರಬಹುದು. ಅಧಿಸೂಚನೆಯ ಲೆಕ್ಕ ಇಟ್ಟುಕೊಳ್ಳಿ. ಮುಂದೆ ಬರುವ ಎರಡು ಕೆಎಎಸ್ ಅಧಿಸೂಚನೆಗೆ ಪೂರ್ತಿ ಮನಸ್ಸಿಟ್ಟು ಬರೆಯುತ್ತೇನೆ ಅಂತ ತೀರ್ಮಾನ ಮಾಡಿ. ಈ ನಡುವೆ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ವಾಣಿಜ್ಯ ತೆರಿಗೆ ಇಲಾಖೆಯ ಹುದ್ದೆ ಯಾವುದು ಕರೆದರೂ ಅದೇ ಓದಿನಲ್ಲಿ ಬರೆಯಬಹುದು. ಆ ಎರಡು ಕೆಎಎಸ್ ಅಧಿಸೂಚನೆಯಲ್ಲೂ ಆಗದಿದ್ದರೆ ಆವತ್ತು ಮತ್ತೆ ಕೂತು ಯೋಚಿಸಿ. ಆಗ ನೀವು ಸಂಬಳ ಬರುವ, ಊರಿನ ಕಷ್ಟ ಸುಖ ಬಲ್ಲ ಹೆಣ್ಣುಮಗಳಾಗಿ ಯೋಚಿಸುತ್ತೀರಿ. ಆವತ್ತಿನ ನಿರ್ಧಾರವನ್ನು ಇವತ್ತೇ ಮಾಡುವ ಅಗತ್ಯ ಇಲ್ಲ.

ಸೇರುವುದಾದರೆ ಕೆಲವು ಕೆಲಸ ಕೂಡಲೇ ಮಾಡಿ. ಈಗಾಗಲೇ ಯಾವುದಾದರೂ ಪರೀಕ್ಷೆಗೆ ಅರ್ಜಿ ಹಾಕಿದ್ದರೆ, ಸೇರಿದ ವಾರವೇ ಅದನ್ನು ಬರವಣಿಗೆಯಲ್ಲಿ ಕಚೇರಿಗೆ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ. ಮುಂದೆ ಹಾಕುವ ಪ್ರತಿ ಅರ್ಜಿಗೂ ಇಲಾಖೆಯ ಅನುಮತಿ ಪಡೆಯಿರಿ. ಅನುಮತಿ ಪಡೆದು ಬೇರೆ ಸರ್ಕಾರಿ ಹುದ್ದೆಗೆ ಹೋದರೆ ಮಾತ್ರ ಇಲ್ಲಿ ಮಾಡಿದ ಸೇವೆ ಲೆಕ್ಕಕ್ಕೆ ಬರುತ್ತದೆ. ಇಲ್ಲದಿದ್ದರೆ ಸುಮ್ನೆ ಕಳೆದುಹೋಗುತ್ತದೆ. ಪರೀಕ್ಷಾರ್ಥ ಅವಧಿಯಲ್ಲೇ ಇಲಾಖಾ ಪರೀಕ್ಷೆ, ಅಂದರೆ ರೆವೆನ್ಯೂ ಲೋಯರ್, ಅಕೌಂಟ್ಸ್ ಲೋಯರ್ ಮುಗಿಸಿಬಿಡಿ. ಬಡ್ತಿಗೂ ಬೇಕು, ಓದುವ ರೂಢಿಯೂ ತಪ್ಪುವುದಿಲ್ಲ. ಕಂಪ್ಯೂಟರ್ ಸಾಕ್ಷರತೆ ಪರೀಕ್ಷೆ ಬಿಇ ಓದಿದ ನಿಮಗೆ ಕಷ್ಟವೇ ಆಗಲಿಕ್ಕಿಲ್ಲ.

ಧಾರವಾಡದ ರೂಮನ್ನು ಈ ತಿಂಗಳೇ ಖಾಲಿ ಮಾಡಿ. ‘ಇರಲಿ, ಬೇಕಾಗಬಹುದು’ ಅಂತ ಅರ್ಧ ಬಾಡಿಗೆ ಕೊಟ್ಟು ಇಟ್ಟುಕೊಂಡವರಿಗೆ ಇಲ್ಲಿಯ ಕೆಲಸದಲ್ಲೂ ಮನಸ್ಸು ನಿಲ್ಲುವುದಿಲ್ಲ. ಪುಸ್ತಕ, ನೋಟ್ಸು ಎಲ್ಲ ಜೊತೆಗೆ ತನ್ನಿ. ವಿಎ ನೇಮಕಾತಿ ಜಿಲ್ಲಾವಾರು ಇರುವುದರಿಂದ ನಿಮಗೆ ಯಾವ ಜಿಲ್ಲೆ ಬಂದಿದೆ ಅಂತ ಬರೆಯಿರಿ. ಆ ಕಡೆ ಕೆಲಸ ಮಾಡುವ ವಿಎಗಳು ನನಗೆ ಗೊತ್ತಿದ್ದರೆ, ವೃತ್ತ ಹೇಗಿದೆ, ಎಲ್ಲಿ ಮನೆ ಮಾಡಿದರೆ ಒಳ್ಳೆಯದು ಅಂತ ಅವರನ್ನೇ ಕೇಳಿ ತಿಳಿಸುತ್ತೇನೆ.