ಘಟ್ಟದಲ್ಲಿ ಕಾರು ವಾಲುತ್ತದೆಯೇ? ಮೊದಲು ಕೆಳಗೆ ಬಗ್ಗಿ ನೋಡಿ

ಮಳೆಗಾಲ ಮುಗಿದು ಗೋಕರ್ಣ, ಮುರ್ಡೇಶ್ವರದ ಪ್ರವಾಸ ಶುರುವಾದರೆ ಸಾಕು, ಒಂದೇ ಬಗೆಯ ಪತ್ರಗಳು ಬರುತ್ತವೆ: ಕಾರು ವಾಲುತ್ತದೆ, ಏನು ಹಾಕಿಸಲಿ? ಏನು ಸವೆದಿರಬಹುದು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನನ್ನ ಎಸ್‌ಯುವಿ 70 ಸಾವಿರ ಕಿ.ಮೀ. ಓಡಿದೆ. ಅರಬೈಲ್ ಘಟ್ಟದಲ್ಲಿ ಎಷ್ಟು ವಾಲುತ್ತದೆಂದರೆ ಹಿಂದೆ ಕುಳಿತವರಿಗೆ ವಾಂತಿ ಬರುತ್ತದೆ. ದಪ್ಪ ಸ್ಟೆಬಿಲೈಸರ್ ಬಾರ್, ಗಟ್ಟಿ ಸ್ಪ್ರಿಂಗ್ ಹಾಕಿಸಲೇ? – ವಿದ್ಯಾನಗರ, ಹುಬ್ಬಳ್ಳಿ

ಹಾಕಿಸಿದರೆ ವಾಲುವುದು ಕಡಿಮೆಯಾಗುತ್ತದೆ, ನಿಜ. ಆದರೆ ಅದು ಕೊನೆಯ ಕೆಲಸ. ಸ್ಟೆಬಿಲೈಸರ್ ಬಾರ್ ಎಂದರೆ ಎಡಬಲ ಚಕ್ರಗಳನ್ನು ಜೋಡಿಸಿ, ಕಾರು ವಾಲುವುದನ್ನು ತಡೆಯುವ ಉಕ್ಕಿನ ಸರಳು. ಮುಂದಿನ ಚಕ್ರದ ಹಿಂದೆ, ಸ್ಟೆಬಿಲೈಸರ್ ಬಾರಿನ ತುದಿಗೆ ಸೇರಿಸಿದ ತೆಳ್ಳನೆಯ ಲಿಂಕ್ ರಾಡ್ ಇರುತ್ತದೆ. ಅದರ ಕೀಲಿನ ರಬ್ಬರ್ ಟೋಪಿ ಹರಿದು, ಗ್ರೀಸಿಗೆ ಮಣ್ಣು ಮೆತ್ತಿಕೊಂಡಿದೆಯೇ ನೋಡಿ. ಕೈಯಲ್ಲಿ ಹಿಡಿದು ಅಲುಗಿಸಿ. ಅಲ್ಲಿ ಸಡಿಲವಿದ್ದರೆ ಆ ಸಡಿಲು ಮುಗಿಯುವವರೆಗೂ ಬಾರ್ ಕೆಲಸವನ್ನೇ ಮಾಡುವುದಿಲ್ಲ. ಎಷ್ಟು ದಪ್ಪನೆಯದನ್ನು ಹಾಕಿಸಿದರೂ ಅಷ್ಟೇ. ಬಾರನ್ನು ಹಿಡಿದಿರುವ ರಬ್ಬರ್ ಬುಷ್‌ಗಳನ್ನೂ ನೋಡಿ. ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಜಿನುಗಿ ಧೂಳು ಹೆಪ್ಪುಗಟ್ಟಿದ್ದರೆ ಅದರ ಕಾಲ ಮುಗಿದಿದೆ; ಎಡಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಕ್ಯಾರಿಯರ್ ಮೇಲಿನ ಗಂಟುಮೂಟೆಯನ್ನು ಡಿಕ್ಕಿಗೆ ಇಳಿಸಿ. ಇದಕ್ಕೆ ಬಿಲ್ ಇಲ್ಲ, ಅದಕ್ಕೇ ಯಾವ ಗ್ಯಾರೇಜಿನವನೂ ಹೇಳುವುದಿಲ್ಲ.

ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿಸಿ ನಿರಾಶರಾದವರೂ ಇದ್ದಾರೆ. ಕಾರು ಎಷ್ಟು ವಾಲಬೇಕೆಂದು ತೀರ್ಮಾನಿಸುವುದು ಸ್ಪ್ರಿಂಗ್ ಮತ್ತು ಬಾರ್. ಎಷ್ಟು ಬೇಗ ವಾಲಬೇಕೆಂಬುದಷ್ಟೇ ಶಾಕ್ ಅಬ್ಸಾರ್ಬರ್ ಕೈಯಲ್ಲಿದೆ. ಎಡಕ್ಕೆ ತಿರುಗಿದ ಮರುಕ್ಷಣವೇ ಬಲಕ್ಕೆ ತಿರುಗುವ ಘಟ್ಟದಲ್ಲಿ ಅದರ ಗುಣ ಕಾಣುತ್ತದೆ, ಒಂದೇ ಸಮನೆ ಸಾಗುವ ಉದ್ದನೆಯ ತಿರುವಿನಲ್ಲಿ ಕಾಣುವುದಿಲ್ಲ.

ಇನ್ನು ದಪ್ಪ ಬಾರ್. ಬಾರಿನ ಬಿಗುವು ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 20 ಮಿ.ಮೀ. ಬದಲು 22 ಮಿ.ಮೀ. ಹಾಕಿದರೆ ಸುಮಾರು ಶೇ 46ರಷ್ಟು ಹೆಚ್ಚು. ‘ಎರಡೇ ಮಿಲಿಮೀಟರ್ ತಾನೇ’ ಎನ್ನುವ ಮಾತಲ್ಲ. ಮುಂದೆ ಮಾತ್ರ ದಪ್ಪ ಮಾಡಿದರೆ ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಎಳೆಯುತ್ತದೆ. ಹಿಂದೆ ಮಾತ್ರ ಮಾಡಿದರೆ ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರುತ್ತದೆ; ಅದನ್ನಂತೂ ನಾನು ಯಾರಿಗೂ ಮಾಡಿಕೊಡುವುದಿಲ್ಲ. ಜೊತೆಗೆ ಒಂದು ಚಕ್ರ ಗುಂಡಿಗೆ ಬಿದ್ದರೆ ಬಾರ್ ಆ ಏಟನ್ನು ಇನ್ನೊಂದು ಚಕ್ರಕ್ಕೂ ಒಯ್ಯುತ್ತದೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ರಸ್ತೆಯ ಎಡಬಲ ಎಂದೂ ಸಮನಾಗಿರುವುದಿಲ್ಲ. ಅಂಥ ಕಡೆ ಬಿಗಿಯಾದ ಬಾರ್ ಇದ್ದರೆ ತಲೆ ಕಿಟಕಿಗೆ ಬಡಿಯುತ್ತದೆ. ನೀವು ಘಟ್ಟ ಇಳಿಯುವುದು ಅಪರೂಪಕ್ಕೆ, ಈ ರಸ್ತೆಗಳು ದಿನದ ಪಾಡು.

ನನ್ನ ಸಲಹೆ: ಲಿಂಕ್, ಬುಷ್, ಶಾಕ್ ಅಬ್ಸಾರ್ಬರ್‌ಗಳನ್ನು ಕಂಪನಿಯ ಅಸಲಿ ಬಿಡಿಭಾಗಗಳಿಂದಲೇ ಬದಲಿಸಿ ಒಮ್ಮೆ ಘಟ್ಟ ಇಳಿದು ಬನ್ನಿ. ಆಮೇಲೂ ಸಮಾಧಾನವಿಲ್ಲದಿದ್ದರೆ ನಿಮ್ಮ ಮಾಡೆಲ್‌ಗೆಂದೇ ತಯಾರಾದ, ಒಂದು ಮೆಟ್ಟಿಲು ಬಿಗಿಯಾದ ಬಾರ್ ಹಾಕಿಸಿ. ಸ್ಪ್ರಿಂಗ್ ಮುಟ್ಟಬೇಡಿ. ವಾಲುವುದು ಕಡಿಮೆಯಾದ ಮಾತ್ರಕ್ಕೆ ಹೊರಗಿನ ಚಕ್ರಗಳ ಮೇಲೆ ಬೀಳುವ ಭಾರ ಹೆಚ್ಚೇನೂ ತಗ್ಗುವುದಿಲ್ಲ. ಕಾರಿನ ಎತ್ತರ, ಅಗಲ ಮೊದಲಿನಷ್ಟೇ ಇವೆ. ವಾಲದ ಕಾರು ಧೈರ್ಯ ಕೊಡುತ್ತದೆ, ಚಾಲಕ ವೇಗ ಏರಿಸುತ್ತಾನೆ. 40ರ ತಿರುವನ್ನು 50ರಲ್ಲಿ ತೆಗೆದುಕೊಂಡರೆ ಪಕ್ಕಕ್ಕೆ ತಳ್ಳುವ ಬಲ ಒಂದೂವರೆ ಪಟ್ಟು ಮೀರುತ್ತದೆ.

ಸ್ಪ್ರಿಂಗ್ ಸುರುಳಿಗಳ ನಡುವೆ ರಬ್ಬರ್ ಬಫರ್ ತುರುಕಬಹುದೇ? – ರಾಣೆಬೆನ್ನೂರು

ಬೇಡ. ರಬ್ಬರ್ ತುಂಬಿದ ಸುರುಳಿ ಕುಗ್ಗದೆ, ಉಳಿದ ಸುರುಳಿಗಳ ಮೇಲೆ ಒತ್ತಡ ಹೆಚ್ಚುತ್ತದೆ.

ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿದರೆ? – ಗದಗ

ಅಂಥ ಕಾರಿನಲ್ಲಿ ನಾನು ಕೂರುವುದಿಲ್ಲ.

ಸೋರುವ ಶಾಕ್ ಅಬ್ಸಾರ್ಬರ್‌ಗೆ ಎಣ್ಣೆ ತುಂಬಿ ಹೊಸದರಂತೆ ಮಾಡುತ್ತಾರಂತೆ. – ಧಾರವಾಡ

ಮುಚ್ಚಿದ ಕೊಳವೆಗೆ ತೂತು ಕೊರೆದು, ಒಳಗಿನ ಅನಿಲ ಹೋಗಗೊಟ್ಟು, ಸಿಕ್ಕ ಎಣ್ಣೆ ಸುರಿದು ಬೆಸುಗೆ ಹಾಕುವ ಕೈಚಳಕ ಅದು. ಸವೆದ ಸೀಲ್, ವಾಲ್ವ್ ಹಾಗೇ ಉಳಿಯುತ್ತವೆ. ಆ ದುಡ್ಡನ್ನು ಹೊಸ ಜೋಡಿಗೆ ಕೂಡಿಡಿ.

ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ವಾಲುವುದು ನಿಲ್ಲುತ್ತದೆಯೇ? – ಹಾವೇರಿ

ಇಲ್ಲ.