ಹದಿನೇಳು ಸಲ ‘ಪೂರ್ವಗ್ರಹ’

ಪ್ರಿಯರೇ,

ನೀವು ಕಳುಹಿಸಿದ ‘ಕಂಪನಿಯ ಕಣ್ಣಲ್ಲಿ ಮೈಸೂರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಭಾಷೆಯ ಬಗ್ಗೆ ದೂರಿಲ್ಲ. ಆದರೆ 9 ಪುಟಗಳಲ್ಲಿ ‘ಪೂರ್ವಗ್ರಹ’ ಎಂಬ ಪದ 17 ಸಲ ಬಂದಿದೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಎಣಿಸಿದೆ. ಅವುಗಳಲ್ಲಿ ಹೆಚ್ಚಿನ ಕಡೆ ನೀವು ತೋರಿಸುತ್ತಿರುವುದು ಬರೀ ಒಲವನ್ನು. (ಪಕ್ಷಪಾತ ಎನ್ನಬಹುದಿತ್ತು. ಆ ಪದಕ್ಕೆ ಬೇಕೆಂದೇ ಮಾಡಿದ ಅನ್ಯಾಯದ ವಾಸನೆ ಅಂಟಿಕೊಂಡಿದೆ, ಅದಕ್ಕೇ ಬಿಟ್ಟೆ.)

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನೇ ತೆಗೆದುಕೊಳ್ಳಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟವನು. ಮೊದಲು ಬೇಸಾಯ, ಆಮೇಲೆ ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ ಎಂದು ಏನೇನು ನೋಡಬೇಕೆಂಬುದನ್ನು ಹೇಳಿಯೇ ಕಳುಹಿಸಿದ್ದರು. ಹಾಗಾಗಿ ಅವನ ಕಣ್ಣು ಹೊಲಕ್ಕೆ, ಮಗ್ಗಕ್ಕೆ, ಸರಕಿನ ದರಕ್ಕೆ ಹೋದಷ್ಟು ಸಲೀಸಾಗಿ ಜನರ ಹಾಡುಪಾಡಿಗೆ ಹೋಗುವುದಿಲ್ಲ. ಇಲ್ಲಿಯವರ ಮಾತು ಅವನ ಕಿವಿಗೆ ಬಿದ್ದದ್ದೂ ದುಭಾಷಿಯ ಮೂಲಕವೇ. ಇದೆಲ್ಲ ಒಲವು. ಅವನು ಎತ್ತ ವಾಲುತ್ತಾನೆಂದು ಗೊತ್ತಾದ ಮೇಲೆ ಅಷ್ಟನ್ನು ಕಳೆದು ಓದಬಹುದು. ಚನ್ನಪಟ್ಟಣದ ಗಾಜಿನ ಬಳೆಗಳ ಬಗ್ಗೆ, ವಾದ್ಯಗಳಿಗೆಂದು ಅಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಯ ಬಗ್ಗೆ ಅವನು ಬರೆದಿಟ್ಟಿದ್ದಾನೆ. ಬರೆದವನು ಕಂಪನಿಯ ನೌಕರ ಎಂದ ಮಾತ್ರಕ್ಕೆ ಆ ತಂತಿ ಸುಳ್ಳಾಗುತ್ತದೆಯೇ?

ಪೂರ್ವಗ್ರಹ ಬೇಕಿದ್ದರೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ನೋಡಿ. ಒಂದು ಸಮುದಾಯದ ಹೆಸರು ಗೆಜೆಟ್‌ನಲ್ಲಿ ಅಚ್ಚಾದರೆ ಅದು ಅಪರಾಧಿ ಬುಡಕಟ್ಟು ಎನ್ನಲು ಅದೇ ಕೊನೆಯ ಪುರಾವೆ. ಆ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಕೂಸು ತೊಟ್ಟಿಲಿಗೆ ಬರುವ ಮೊದಲೇ ತೀರ್ಪು ಸಿದ್ಧ. ಎದುರು ಸಾಕ್ಷಿ ತಂದವನಿಗೆ ಬಾಗಿಲೇ ಇಲ್ಲ. 1911ರಲ್ಲಿ ಅದರ ವ್ಯಾಪ್ತಿ ಹಿಗ್ಗಿ, ಬಳ್ಳಾರಿ, ದಕ್ಷಿಣ ಕನ್ನಡಗಳು ಸೇರಿದ್ದ ಮದರಾಸು ಪ್ರಾಂತಕ್ಕೂ ಬಂತು. ದೇಶದಲ್ಲೆಲ್ಲ ರದ್ದಾಗಲು 1952 ಬರಬೇಕಾಯಿತು. ನಿಮ್ಮ ಲೇಖನದಲ್ಲಿ ಇದಕ್ಕೆ ಸಿಕ್ಕಿರುವುದು ಒಂದೂವರೆ ಸಾಲು!

ಇನ್ನು ನಿಮ್ಮ ಆರನೆಯ ಪುಟ. ಬುಕಾನನ್ ಹಳಿದ ಕಡೆ ‘ತಿರಸ್ಕಾರ’ ಎಂದಿದ್ದೀರಿ, ಹೊಗಳಿದ ಕಡೆ ‘ಕುತಂತ್ರ’ ಎಂದಿದ್ದೀರಿ. ಹಾಗಾದರೆ ಅವನು ಏನು ಬರೆದಿದ್ದರೆ ನಿಮ್ಮ ಅಭಿಪ್ರಾಯ ಬದಲಾಗುತ್ತಿತ್ತು? ಯಾವುದರಿಂದಲೂ ಇಲ್ಲ ಎಂದಾದರೆ, ನೀವು ಬರೆದಿರುವುದೂ ಒಂದು ಗೆಜೆಟ್ ಅಧಿಸೂಚನೆಯೇ. ಮಾತು ಕಟುವಾಯಿತು, ಗೊತ್ತು. ನನ್ನ ಮೊದಲ ಲೇಖನದಲ್ಲಿ ನಾನೂ ಇದೇ ಆಟ ಆಡಿದ್ದೆ. ತಿರುಗಿ ಕಳುಹಿಸುವ ಸಂಪಾದಕರು ಸಿಗದೆ ಅದು ಅಚ್ಚಾಗಿಯೂ ಹೋಯಿತು. ಈಗ ಯಾರಾದರೂ ನೆನಪಿಸಿದರೆ ಮಾತು ಮರೆಸುತ್ತೇನೆ.

ಆರನೆಯ ಪುಟವನ್ನು ಪೂರ್ತಿ ತೆಗೆಯಿರಿ. ಆ ಒಂದೂವರೆ ಸಾಲನ್ನು ಎರಡು ಪುಟವಾಗಿ ಬೆಳೆಸಿ. ಬುಕಾನನ್‌ನ ಚನ್ನಪಟ್ಟಣದ ಭಾಗವನ್ನು ಇನ್ನೊಮ್ಮೆ ಓದಿ, ಅವನು ಕಂಡದ್ದು ಯಾವುದು, ದುಭಾಷಿ ಹೇಳಿದ್ದು ಯಾವುದು ಎಂದು ಬಿಡಿಸಿ ಬರೆಯಿರಿ. ಯುಗಾದಿಯೊಳಗೆ ಬಂದರೆ ಮತ್ತೆ ಓದುತ್ತೇನೆ.

— ಸಂಪಾದಕ