ಸೈಟಿನ 40% ಜಾಗದಲ್ಲಷ್ಟೇ ಕಟ್ಟಬಹುದು ಅಂದ್ರೆ ಮನೆ ತೀರಾ ಚಿಕ್ಕದಾಗುತ್ತಾ?

ಆಗಬೇಕಿಲ್ಲ, ಮೇಲಕ್ಕೆ ಕಟ್ಟಿ. ಈ ಮಿತಿ ಲೆಕ್ಕಕ್ಕೆ ಹಿಡಿಯುವುದು ಮೇಲಿನಿಂದ ನೋಡಿದಾಗ ಮನೆ ಮುಚ್ಚುವ ನೆಲವನ್ನು ಮಾತ್ರ. ಅದೇ ಗೋಡೆಗಳ ಮೇಲೆ ಇನ್ನೊಂದು ಮಹಡಿ ಬಂದರೂ ಅದು ಬದಲಾಗುವುದಿಲ್ಲ. 100 ಚದರ ಮೀಟರ್ ಸೈಟಿನಲ್ಲಿ ಒಂದು ಮಹಡಿಗೆ 40, ಎರಡಕ್ಕೆ 80 ಸಿಗುತ್ತದೆ. ಎಲ್ಲ ಮಹಡಿ ಸೇರಿ ಎಷ್ಟು ಕಟ್ಟಬಹುದು ಅನ್ನುವುದಕ್ಕೆ ಬೇರೆ ಮಿತಿ ಇರಬಹುದು, ಅದನ್ನೂ ನೋಡಿಕೊಳ್ಳಿ.

ಜನ ಮರೆಯುವುದು ಗೋಡೆಯನ್ನು. ಅಳತೆ ಸಾಮಾನ್ಯವಾಗಿ ಗೋಡೆಯ ಹೊರಗಿನಿಂದ ಅಲ್ವಾ? 8×5 ಮೀಟರ್ ಮನೆಗೆ 20 ಸೆಂಟಿಮೀಟರ್ ದಪ್ಪದ ಹೊರಗೋಡೆ ಹಾಕಿದರೆ ಸುಮಾರು 5 ಚದರ ಮೀಟರ್ ಅಲ್ಲೇ ಹೋಯ್ತು! ಮೆಟ್ಟಿಲಂತೂ ಎರಡೂ ಮಹಡಿಯಲ್ಲಿ ಜಾಗ ತಿನ್ನುತ್ತದೆ. ನನ್ನ ಕೇಳಿದರೆ, ಮೊದಲು ಮೆಟ್ಟಿಲಿನ ಜಾಗ ಗಟ್ಟಿ ಮಾಡಿಕೊಂಡು ರೂಮುಗಳನ್ನು ಆಮೇಲೆ ಜೋಡಿಸಿ.